ಗಾಲಿಯೊಳಗಿನ ಗುಂಡುಗಳು

ಎತ್ತಿನ ಬಂಡಿಯಲ್ಲಿ ಪ್ರಯಾಣ ಮಾಡಿದವರಿಗೆ ಕೀಲೆಣ್ಣೆಯ ಪರಿಚಯವಿದ್ದೇ ಇರುತ್ತದೆ. ದೂರದ ಊರಿಗೆ ಹೊರಡುವ ಮುನ್ನ ಬಂಡಿಕಾರನು ಕಡಾಣಿಯನ್ನು ಕಿತ್ತು, ಗಾಲಿಯನ್ನು ತುಸು ಹೊರಗೆಳೆದು, ಅಚ್ಚಿನ ತುದಿಗೆ ಕಪ್ಪನೆಯ ಆ ಎಣ್ಣೆಯನ್ನು ಸವರಿ, ಗಾಲಿಯನ್ನು ಮತ್ತೆ ಒಳಕ್ಕೆ ನೂಕಿ ಕಡಾಣಿಯನ್ನು ಬಡಿಯುತ್ತಿದ್ದನು. ಈ ಕೆಲಸವನ್ನು ಮರೆತರೆ ಗಾಲಿಯೇ ಅದನ್ನು ನೆನಪು ಮಾಡಿಕೊಡುತ್ತಿತ್ತು. ಅದರ ಕಿರುಗುಟ್ಟುವಿಕೆ ಊರಾಚೆಗೂ ಕೇಳಿಸುತ್ತಿತ್ತು. ಗಾಲಿ ನುಡಿಯಿತೆಂದರೆ ಅದಕ್ಕೆ ಏನೋ ಬೇಕಾಗಿದೆ ಎಂಬುದನ್ನು ಬಂಡಿಕಾರನು ಬಲ್ಲವನಾಗಿದ್ದನು.

ಇಂದು ನಮ್ಮ ಮನೆಗಳ ಮುಂದೆ ನಿಲ್ಲುವ ಪುಟ್ಟ ಕಾರಿನ ಗಾಲಿಯೂ ಹೀಗೆಯೇ ನುಡಿಯುತ್ತದೆ. ಆದರೆ ಆ ನುಡಿಯನ್ನು ತಿಳಿದವರು ಕಡಮೆ. ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರ ಕಾರಿನಲ್ಲಿ ನಾವು ಹಾಸನದಿಂದ ಸಕಲೇಶಪುರದ ಕಡೆಗೆ ಹೊರಟಿದ್ದೆವು. ಕಾರಿನ ಮುಂಭಾಗದಿಂದ ದುಂಬಿಯ ಝೇಂಕಾರದಂತಹ ಸದ್ದೊಂದು ಎಡೆಬಿಡದೆ ಬರುತ್ತಿತ್ತು. ವಿಚಾರಿಸಲು, ಅದು ಟೈರಿನ ಸದ್ದೆಂದು ಯಾರೋ ಹೇಳಿದ್ದರಿಂದ ಎರಡು ಹೊಸ ಟೈರುಗಳನ್ನೇ ಹಾಕಿಸಿದುದಾಗಿಯೂ, ಆದರೂ ಸದ್ದು ಹೋಗಲಿಲ್ಲವೆಂದೂ ಅವರು ತಿಳಿಸಿದರು. ಸಕಲೇಶಪುರವು ಸಮೀಪಿಸುವ ವೇಳೆಗೆ ಝೇಂಕಾರವು ಗುಡುಗುಡು ಸದ್ದಾಗಿ ಮಾರ್ಪಟ್ಟಿತು. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಇಳಿದು ನೋಡಿದರೆ ಎಡಗಡೆಯ ಮುಂದಿನ ಗಾಲಿಯ ನಡುಭಾಗವು ಕೈಯನ್ನು ಹತ್ತಿರ ಹಿಡಿಯಲಾಗದಷ್ಟು ಬಿಸಿಯಾಗಿತ್ತು. ಗಾಲಿಯನ್ನು ಹಿಡಿದು ಅಲುಗಿಸಿದರೆ ಸಡಿಲವಾದ ಹಲ್ಲಿನಂತೆ ಆಡುತ್ತಿತ್ತು. ಅಂದು ನಾವು ಹೋಗಬೇಕಾಗಿದ್ದುದು ಅಲ್ಲಿಂದ ಮುಂದೆ, ಶಿರಾಡಿ ಘಟ್ಟದ ಇಳಿಜಾರಿನಲ್ಲಿ. ಇನ್ನು ಕೆಲವು ಕಿಲೋಮೀಟರು ಮುಂದುವರಿದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೆಟ್ಟಿದ್ದುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ವಸ್ತು: ಗಾಲಿಯ ಬೇರಿಂಗು. ಅದು ಏನು, ಏತಕ್ಕೆ ಸವೆಯುತ್ತದೆ, ಸವೆದುದನ್ನು ತಿಳಿಯುವ ಬಗೆ ಹೇಗೆ, ಅದನ್ನು ಬದಲಿಸುವಾಗ ಯಾವ ನಿಯಮವನ್ನು ಮೀರಬಾರದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಉರುಳುವ ಉಪಾಯ

ಒಂದು ವಸ್ತು ಇನ್ನೊಂದರ ಮೇಲೆ ಜಾರುವಾಗ ಉಂಟಾಗುವ ಘರ್ಷಣೆಗಿಂತ ಉರುಳುವಾಗ ಉಂಟಾಗುವ ಘರ್ಷಣೆ ಬಹಳ ಕಡಮೆಯೆಂಬುದನ್ನು ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿರುವಿರಿ. ಭಾರವಾದ ದಿಮ್ಮಿಯನ್ನು ನೆಲದ ಮೇಲೆ ಎಳೆಯಲಾರದವನು ಅದರ ಕೆಳಗೆ ನಾಲ್ಕು ದುಂಡನೆಯ ಕೋಲುಗಳನ್ನಿಟ್ಟು ಸುಲಭವಾಗಿ ತಳ್ಳಿಕೊಂಡು ಹೋಗುತ್ತಾನೆ. ಬೇರಿಂಗು ಈ ಉಪಾಯವನ್ನೇ ವೃತ್ತಾಕಾರವಾಗಿ ಬಾಗಿಸಿದುದು. ಅದರಲ್ಲಿ ಉಕ್ಕಿನ ಎರಡು ಬಳೆಗಳಿರುತ್ತವೆ. ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಒಳಬಳೆಗೂ ಹೊರಬಳೆಗೂ ನಡುವಿನ ಓಣಿಯಲ್ಲಿ ಉಕ್ಕಿನ ಗುಂಡುಗಳು ಇಲ್ಲವೆ ಉರುಳೆಗಳು ಓಡಾಡುತ್ತವೆ. ಅವು ಒಂದನ್ನೊಂದು ಉಜ್ಜದಂತೆ ಸಮಾನ ದೂರದಲ್ಲಿ ಇರಿಸುವುದು ಒಂದು ತೆಳುವಾದ ಪಂಜರ. ಇವೆಲ್ಲಕ್ಕೂ ಜೀವಾಳವಾದುದು ಗ್ರೀಸು. ಗ್ರೀಸು ಹೊರಗೆ ಹೋಗದಂತೆಯೂ ನೀರು ಧೂಳುಗಳು ಒಳಕ್ಕೆ ಬಾರದಂತೆಯೂ ಕಾಯುವುದು ರಬ್ಬರಿನ ಸೀಲು. ಕಾರು ಮುಂದಕ್ಕೆ ಹೋಗುವಾಗ ಒಂದು ಬಳೆ ಗಾಲಿಯೊಡನೆ ತಿರುಗುತ್ತದೆ. ಇನ್ನೊಂದು ಅಲುಗದೆ ಕುಳಿತಿರುತ್ತದೆ. ಒಳ್ಳೆಯ ಬೇರಿಂಗಿನ ಘರ್ಷಣಾಂಕವು ೦.೦೦೧ ರಿಂದ ೦.೦೦೨ರಷ್ಟು ಮಾತ್ರ. ಎಂದರೆ ಸಾವಿರ ಕಿಲೋಗ್ರಾಂ ಭಾರವನ್ನು ಹೊತ್ತ ಬೇರಿಂಗಿನಲ್ಲಿ ಘರ್ಷಣೆಯು ಒಂದೆರಡು ಕಿಲೋಗ್ರಾಂ ತೂಕಕ್ಕೆ ಸಮನಾದುದು.

ಬಂಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ವಿಚಾರಕ್ಕೆ ೧೭೯೪ರಲ್ಲಿಯೇ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತನು ಹಕ್ಕುಪತ್ರ ಪಡೆದಿದ್ದನು. ಆದರೆ ಗುಂಡುಗಳೆಲ್ಲ ಒಂದೇ ಅಳತೆಯವಾಗಿರದಿದ್ದರೆ ದೊಡ್ಡವೇ ಎಲ್ಲ ಭಾರವನ್ನೂ ಹೊತ್ತು ಬೇಗ ಒಡೆಯುವುವಷ್ಟೆ. ೧೮೮೩ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಖ್ ಫಿಷರನು ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ, ನಿಜವಾದ ಗೋಳಾಕಾರಕ್ಕೆ ಅರೆಯುವ ಯಂತ್ರವನ್ನು ನಿರ್ಮಿಸಿದ ಮೇಲೆ ಈ ತೊಡಕು ನೀಗಿತು. ೧೮೯೮ರಲ್ಲಿ ಅಮೆರಿಕದ ಹೆನ್ರಿ ಟಿಮ್‌ಕೆನನು ತುದಿಯತ್ತ ಸಣ್ಣಗಾಗುವ ಉರುಳೆಗಳ ಬೇರಿಂಗಿಗೆ ಹಕ್ಕುಪತ್ರ ಪಡೆದನು. ಈತನು ಕುದುರೆಗಾಡಿಗಳನ್ನು ಮಾಡುತ್ತಿದ್ದವನು. ಗಾಡಿ ತಿರುವಿನಲ್ಲಿ ಹೋಗುವಾಗ ಗಾಲಿಯ ಮೇಲೆ ಬೀಳುವುದು ಮೇಲಿನ ಭಾರ ಮಾತ್ರವಲ್ಲ, ಪಕ್ಕದಿಂದಲೂ ಒತ್ತಡ ಬೀಳುತ್ತದೆ ಎಂಬುದು ಅವನಿಗೆ ಅನುಭವದಿಂದ ತಿಳಿದಿತ್ತು. ತುದಿಯನ್ನು ಕತ್ತರಿಸಿದ ಶಂಕುವಿನಾಕಾರದ ಉರುಳೆಯು ಈ ಎರಡನ್ನೂ ಒಟ್ಟಿಗೆ ಹೊರಬಲ್ಲುದು. ಇಂದಿನ ಕಾರಿನ ಗಾಲಿಗಳಲ್ಲಿ ಇಂತಹ ಉರುಳೆಗಳ ಜೋಡಿಯಾದರೂ, ಎರಡು ಸಾಲು ಗುಂಡುಗಳ ಬೇರಿಂಗಾದರೂ ಇರುತ್ತದೆ.

ಉಕ್ಕಿಗೂ ದಣಿವುಂಟು

ಬೇರಿಂಗಿನ ದುಡಿಮೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ೧೯೮೩ರಿಂದ ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಮಾರುತಿ ೮೦೦ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಟೈರಿನ ಮೇಲೆ ೧೪೫/೭೦ ಆರ್ ೧೨ ಎಂಬ ಗುರುತಿರುತ್ತದೆ. ಟೈರಿನ ಅಗಲ ೧೪೫ ಮಿಲಿಮೀಟರು, ಅದರ ಎತ್ತರ ಅಗಲದ ನೂರಕ್ಕೆ ಎಪ್ಪತ್ತು ಪಾಲು, ಒಳಗಿನ ಚಕ್ರದ ವ್ಯಾಸ ೧೨ ಅಂಗುಲ ಎಂಬುದು ಇದರ ಅರ್ಥ. ಇದರಿಂದ ಇಡೀ ಗಾಲಿಯ ವ್ಯಾಸ ಸುಮಾರು ೫೦೮ ಮಿಲಿಮೀಟರೆಂದೂ, ಸುತ್ತಳತೆ ಸುಮಾರು ೧.೬ ಮೀಟರೆಂದೂ ತಿಳಿಯುತ್ತದೆ. ಆದುದರಿಂದ ಪ್ರತಿ ಕಿಲೋಮೀಟರಿಗೆ ಗಾಲಿ ಸುಮಾರು ೬೨೭ ಸುತ್ತು ತಿರುಗುತ್ತದೆ. ಕಾರು ೫೦,೦೦೦ ಕಿಲೋಮೀಟರು ಓಡಿದರೆ ಸುತ್ತುಗಳು ಮೂರು ಕೋಟಿಗೂ ಮಿಕ್ಕವು!

ಭಾರದ ಲೆಕ್ಕ ಹೀಗಿದೆ. ಕಾರಿನ ತೂಕ ಸುಮಾರು ೬೫೦ ಕಿಲೋಗ್ರಾಂ. ನಾಲ್ವರು ಪ್ರಯಾಣಿಕರೂ ಅವರ ಗಂಟುಮೂಟೆಗಳೂ ಸೇರಿ ಇನ್ನು ೩೦೦ ಎಂದಿಟ್ಟುಕೊಂಡರೆ ಒಂದೊಂದು ಗಾಲಿಯ ಪಾಲಿಗೆ ಸುಮಾರು ೨೪೦ ಕಿಲೋಗ್ರಾಂ ಬರುತ್ತದೆ. ಈ ಭಾರವನ್ನು ಯಾವುದೊಂದು ಗಳಿಗೆಯಲ್ಲಿಯೂ ಎಲ್ಲ ಗುಂಡುಗಳೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಒಂದು ಪಕ್ಕದ ಕೆಲವು ಗುಂಡುಗಳೇ ಹೊರುತ್ತವೆ. ಗೋಳವೊಂದು ಬಳೆಯನ್ನು ಮುಟ್ಟುವ ಜಾಗವಾದರೂ ಸಾಸಿವೆ ಕಾಳಿನಷ್ಟು ಸಣ್ಣದು. ಅಲ್ಲಿ ಒತ್ತಡವು ಒಂದು ಚದರ ಮಿಲಿಮೀಟರಿಗೆ ನೂರು ಕಿಲೋಗ್ರಾಮಿಗೂ ಮೀರುವುದು ಸಾಮಾನ್ಯ. ನೂರಕ್ಕೆ ಒಂದು ಭಾಗ ಇಂಗಾಲವೂ ಒಂದೂವರೆ ಭಾಗ ಕ್ರೋಮಿಯಮ್ಮೂ ಇರುವ ಅತಿ ಗಡುಸಾದ ಉಕ್ಕನ್ನೇ ಬೇರಿಂಗಿಗೆ ಆರಿಸಿಕೊಂಡಿರುವುದು ಈ ಕಾರಣದಿಂದಲೇ.

ಇಂತಹ ಒತ್ತಡದಲ್ಲಿ ಉಕ್ಕಿನ ಒಳಗೆ ಏನು ನಡೆಯುತ್ತದೆ? ದುಂಡನೆಯ ಎರಡು ವಸ್ತುಗಳು ಒಂದನ್ನೊಂದು ಅದುಮಿದಾಗ ಉಂಟಾಗುವ ಒತ್ತಡಗಳ ಗಣಿತವನ್ನು ೧೮೮೧ರಲ್ಲಿ ಜರ್ಮನಿಯ ಹೈನ್ರಿಖ್ ಹರ್ಟ್ಸನು ಬಿಡಿಸಿ ತೋರಿಸಿದನು. ಮುಂದೆ ರೇಡಿಯೋ ಅಲೆಗಳನ್ನು ಪ್ರಯೋಗದಿಂದ ಸ್ಥಾಪಿಸಿದ ಹರ್ಟ್ಸನೇ ಈತ. ಅವನ ಗಣಿತದಿಂದ ಹೊರಟರೆ ಒಂದು ಕುತೂಹಲದ ಸಂಗತಿ ಹೊರಪಡುತ್ತದೆ: ಲೋಹವನ್ನು ಕತ್ತರಿಸುವಂತಹ ಬಲವು ಅತ್ಯಧಿಕವಾಗಿರುವುದು ಮೇಲ್ಮೈಯಲ್ಲಿ ಅಲ್ಲ, ಅದರ ಸ್ವಲ್ಪ ಕೆಳಗೆ. ಗುಂಡು ಹಾದುಹೋದಾಗಲೆಲ್ಲ ಆ ಆಳದಲ್ಲಿ ಉಕ್ಕು ಒಮ್ಮೆ ಹಿಂಡಲ್ಪಟ್ಟು ಮತ್ತೆ ಸಡಿಲವಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಅದು ಕೊನೆಗೆ ಮುರಿಯುವುದನ್ನು ನೀವು ಕಂಡಿರುವಿರಿ. ಹಾಗೆಯೇ ಕೋಟಿಗಟ್ಟಲೆ ಬಾರಿ ಹಿಂಡಲ್ಪಟ್ಟ ಉಕ್ಕು ದಣಿಯುತ್ತದೆ. ಕಣ್ಣಿಗೆ ಕಾಣದ ಕಸದ ಕಣವೊಂದು ಅಲ್ಲಿದ್ದರಂತೂ ಅದರ ಸುತ್ತಲೇ ಬಿರುಕು ಹುಟ್ಟಿ, ಮೆಲ್ಲಮೆಲ್ಲನೆ ಮೇಲಕ್ಕೆ ಹಬ್ಬಿ, ಒಂದು ದಿನ ಲೋಹದ ಪುಟ್ಟ ಹಕ್ಕಳೆಯೊಂದು ಎದ್ದು ಬರುತ್ತದೆ. ನುಣುಪಾದ ಓಣಿಯಲ್ಲಿ ಈಗ ಒಂದು ಗುಂಡಿ. ಬೇರಿಂಗಿನ ಅಂತ್ಯದ ಆರಂಭವೇ ಇದು.

ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬರ್ಗ್ ಮತ್ತು ಅರ್ವಿಡ್ ಪಾಮ್‌ಗ್ರೆನ್ ಎಂಬವರು ೧೯೪೭ರಲ್ಲಿ ಬೇರಿಂಗಿನ ಆಯುಷ್ಯದ ಲೆಕ್ಕವನ್ನು ಪ್ರಕಟಿಸಿದರು. ಅದರ ಪ್ರಕಾರ ಗುಂಡಿನ ಬೇರಿಂಗಿನ ಆಯುಷ್ಯವು ಅದು ಹೊರುವ ಭಾರದ ಘನಕ್ಕೆ ವಿಲೋಮವಾಗಿರುತ್ತದೆ. ಭಾರ ಇಮ್ಮಡಿಯಾದರೆ ಆಯುಷ್ಯ ಎಂಟರಲ್ಲಿ ಒಂದು ಪಾಲಾಗುತ್ತದೆ. ನೂರಕ್ಕೆ ಇಪ್ಪತ್ತರಷ್ಟೇ ಹೆಚ್ಚಿದರೂ ಆಯುಷ್ಯದಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ನಷ್ಟ. ಐವರು ಕೂರುವ ಕಾರಿನಲ್ಲಿ ಎಂಟು ಮಂದಿ ಕುಳಿತು ಮದುವೆಗೆ ಹೋಗುವವರು ಈ ಘನನಿಯಮವನ್ನು ನೆನಪಿನಲ್ಲಿಡುವುದು ಒಳಿತು.

ಭಾರದ ದಣಿವೊಂದೇ ಅಲ್ಲ, ಬೇರಿಂಗಿಗೆ ಬೇರೆ ಶತ್ರುಗಳೂ ಇವೆ. ರಸ್ತೆಯ ಹಳ್ಳಕ್ಕೆ ಗಾಲಿ ಧೊಪ್ಪನೆ ಬಿದ್ದಾಗ ಗುಂಡುಗಳು ಬಳೆಯಲ್ಲಿ ತಗ್ಗುಗಳನ್ನು ಮೂಡಿಸಬಹುದು. ತಿರುವಿನಲ್ಲಿ ನೆಲವು ಟೈರನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಬಲವು ಅಚ್ಚಿನಿಂದ ಸುಮಾರು ೨೫ ಸೆಂಟಿಮೀಟರು ಕೆಳಗೆ ಬೀಳುವುದರಿಂದ ಸನ್ನೆಗೋಲಿನಂತೆ ವರ್ತಿಸಿ ಬೇರಿಂಗನ್ನು ಹಲವು ಪಟ್ಟು ಹೆಚ್ಚಾಗಿ ಅದುಮುತ್ತದೆ. ಸೊಗಸಿಗಾಗಿ ಗಾಲಿಯನ್ನು ಹೊರಕ್ಕೆ ಚಾಚುವಂತೆ ಮಾಡಿಸುವವರು ಇನ್ನೊಂದು ಸನ್ನೆಗೋಲನ್ನು ತಾವೇ ಉದ್ದ ಮಾಡುತ್ತಾರೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವ ಕಡೆ ಕಾರನ್ನು ನುಗ್ಗಿಸಿದರೆ, ಓಡಿ ಬಿಸಿಯಾಗಿದ್ದ ಬೇರಿಂಗು ತಟ್ಟನೆ ತಣಿಯುತ್ತದೆ; ಒಳಗಿನ ಗಾಳಿ ಕುಗ್ಗಿ, ಹಳೆಯದಾದ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನೀರು ಬೆರೆತ ಗ್ರೀಸು ಗ್ರೀಸಲ್ಲ.

ಗಾಲಿಯ ನುಡಿ

ಓಣಿಯಲ್ಲಿ ಗುಂಡಿ ಬಿದ್ದ ಮೇಲೆ ಪ್ರತಿಯೊಂದು ಗುಂಡೂ ಅದನ್ನು ದಾಟುವಾಗ ಒಂದು ಪುಟ್ಟ ಪೆಟ್ಟು ಕೊಡುತ್ತದೆ. ಸದ್ದಿನ ಮೂಲ ಇದು. ಅದರ ಸ್ವರವನ್ನು ಸಹ ಲೆಕ್ಕದಿಂದ ತಿಳಿಯಬಹುದು. ದಿಮ್ಮಿಯನ್ನು ಕೋಲುಗಳ ಮೇಲೆ ತಳ್ಳುವಾಗ ದಿಮ್ಮಿ ಎರಡು ಮಾರು ಮುಂದೆ ಹೋದರೆ ಕೋಲುಗಳು ಒಂದೇ ಮಾರು ಹೋಗುತ್ತವೆ. ಬೇರಿಂಗಿನ ಗುಂಡುಗಳೂ ಹಾಗೆಯೇ ತಿರುಗುವ ಒಳಬಳೆಗಿಂತ ಹಿಂದುಳಿದು, ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಸುಮಾರು ೦.೪ ಸುತ್ತು ಮಾತ್ರ ಬರುತ್ತವೆ. ಹನ್ನೆರಡು ಗುಂಡುಗಳಿದ್ದರೆ ಗಾಲಿಯ ಒಂದು ಸುತ್ತಿಗೆ ಹೊರಬಳೆಯ ಗುಂಡಿಗೆ ಸುಮಾರು ಐದು ಪೆಟ್ಟು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ನಮ್ಮ ಕಾರಿನ ಗಾಲಿ ಸೆಕೆಂಡಿಗೆ ಸುಮಾರು ಹತ್ತೂವರೆ ಸುತ್ತು ತಿರುಗುತ್ತದೆ. ಆದುದರಿಂದ ಸೆಕೆಂಡಿಗೆ ಸುಮಾರು ಐವತ್ತು ಪೆಟ್ಟು. ಬೀದಿಯ ವಿದ್ಯುತ್ ಪರಿವರ್ತಕದ ಬಳಿ ಕೇಳುವ ಗುಂಯ್‌ಗುಟ್ಟುವಿಕೆಯ ಆವರ್ತ ಸೆಕೆಂಡಿಗೆ ನೂರು. ಇದು ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ ಸ್ವರ. ಇದರೊಡನೆ ಮೇಲಿನ ಅನುಸ್ವರಗಳೂ ಸೇರಿಕೊಂಡು ದುಂಬಿಯ ಝೇಂಕಾರವಾಗಿ ಕಿವಿಗೆ ಬೀಳುತ್ತವೆ. ಕಾರಿನ ವೇಗ ಹೆಚ್ಚಿದಂತೆ ಸ್ವರವೂ ಏರುತ್ತದೆ. ವೇಗ ಇಳಿದಂತೆ ಇಳಿಯುತ್ತದೆ.

ಇಷ್ಟನ್ನು ತಿಳಿದಮೇಲೆ ಬೇರೆ ಸದ್ದುಗಳಿಂದ ಇದನ್ನು ಬೇರ್ಪಡಿಸುವುದು ಕಷ್ಟವಲ್ಲ. ನಿರ್ಜನವಾದ ಸಮತಟ್ಟಾದ ರಸ್ತೆಯಲ್ಲಿ ಕಾರು ಓಡುತ್ತಿರುವಾಗ ಎಂಜಿನ್ನನ್ನು ನಿಲ್ಲಿಸದೆಯೇ ಗೇರನ್ನು ಕ್ಷಣಕಾಲ ನ್ಯೂಟ್ರಲ್ಲಿಗೆ ತರಬೇಕು. ಎಂಜಿನ್ನಿನ ವೇಗ ತಗ್ಗಿದರೂ ಸದ್ದು ಹಾಗೆಯೇ ಉಳಿದರೆ ಅದು ಎಂಜಿನ್ನಿನದಲ್ಲ, ಗಾಲಿಗಳ ಕಡೆಯದು. ಟೈರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ: ಒರಟು ಕಾಂಕ್ರೀಟಿನ ಮೇಲೆ ಒಂದು ಬಗೆ, ನುಣುಪಾದ ಡಾಂಬರಿನ ಮೇಲೆ ಇನ್ನೊಂದು ಬಗೆ. ಬೇರಿಂಗು ರಸ್ತೆಯ ಬಣ್ಣವನ್ನು ನೋಡುವುದಿಲ್ಲ. ಅದರ ರಾಗ ಒಂದೇ. ನಮ್ಮ ಮಿತ್ರರು ಈ ಒಂದು ಪರೀಕ್ಷೆಯನ್ನು ಮಾಡಿದ್ದರೆ ಎರಡು ಟೈರುಗಳ ಹಣ ಉಳಿಯುತ್ತಿತ್ತು.

ಯಾವ ಪಕ್ಕದ್ದೆಂಬುದನ್ನು ತಿರುವುಗಳು ಹೇಳುತ್ತವೆ. ಕಾರು ಬಲಕ್ಕೆ ತಿರುಗುವಾಗ ಭಾರವು ಎಡಗಡೆಯ ಗಾಲಿಗಳ ಮೇಲೆ ವಾಲುತ್ತದೆ. ಬಲತಿರುವಿನಲ್ಲಿ ಸದ್ದು ಹೆಚ್ಚಿ, ಎಡತಿರುವಿನಲ್ಲಿ ಕಡಮೆಯಾದರೆ ಸಂಶಯವು ಎಡಗಾಲಿಯ ಮೇಲೆ ಹೋಗುತ್ತದೆ. ಆದರೆ ಎರಡು ಸಾಲು ಗುಂಡುಗಳ ಬೇರಿಂಗಿನಲ್ಲಿ ಯಾವ ಸಾಲು ಕೆಟ್ಟಿದೆಯೋ ಅದರಂತೆ ಲಕ್ಷಣವು ವ್ಯತ್ಯಾಸವಾಗುವುದೂ ಉಂಟು. ಆದುದರಿಂದ ಇದನ್ನು ಸುಳಿವೆಂದು ಮಾತ್ರ ಎಣಿಸಬೇಕು, ತೀರ್ಪೆಂದು ಭಾವಿಸಬಾರದು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಕಟಕಟನೆ ಸದ್ದಾದರೆ ಅದು ಬೇರಿಂಗಿನದಲ್ಲದೆ ಮುಂದಿನ ಅಚ್ಚಿನ ಕೀಲಿನದಾಗಿರುವ ಸಂಭವವೇ ಹೆಚ್ಚು.

ಕೈಯ ಪರೀಕ್ಷೆ

ಕಿವಿಯ ಸಂಶಯವನ್ನು ಕೈ ಪರಿಹರಿಸಬೇಕು. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ನೆಲದ ಮೇಲಿರುವ ಗಾಲಿಗಳಿಗೆ ಅಡ್ಡಗಲ್ಲುಗಳನ್ನಿಟ್ಟು, ಪರೀಕ್ಷಿಸಬೇಕಾದ ಗಾಲಿಯನ್ನು ಜಾಕಿನಿಂದ ಎತ್ತಿ, ಕಾರಿನ ಗಟ್ಟಿಯಾದ ಭಾಗದ ಕೆಳಗೆ ಸ್ಟ್ಯಾಂಡನ್ನು ಇರಿಸಬೇಕು. ಬರಿಯ ಜಾಕಿನ ಮೇಲೆ ನಿಂತಿರುವ ಕಾರಿನ ಕೆಳಗೆ ಯಾರೂ ಕೈಯನ್ನಾಗಲಿ ತಲೆಯನ್ನಾಗಲಿ ಹಾಕತಕ್ಕದ್ದಲ್ಲ. ಜಾಕು ಜಾರುವುದಕ್ಕೆ ಮುನ್ಸೂಚನೆ ಕೊಡುವುದಿಲ್ಲ.

ಗಾಲಿಯ ನೆತ್ತಿಯಲ್ಲಿ ಒಂದು ಕೈ, ಬುಡದಲ್ಲಿ ಒಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಬೇಕು. ಗಾಲಿ ಆಡುತ್ತಿದ್ದರೆ ಜೊತೆಯವರೊಬ್ಬರಿಗೆ ಬ್ರೇಕನ್ನು ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಬೇಕು. ಬ್ರೇಕು ಹಬ್ಬನ್ನೂ ಅದನ್ನು ಹೊತ್ತ ಭಾಗವನ್ನೂ ಒಂದಾಗಿ ಬಿಗಿಹಿಡಿಯುತ್ತದೆ; ಆದುದರಿಂದ ಆಗ ಆಟ ನಿಂತುಹೋದರೆ ದೋಷ ಬೇರಿಂಗಿನಲ್ಲಿದೆ; ನಿಲ್ಲದಿದ್ದರೆ ದೋಷ ಅದರಾಚೆಯ ಕೀಲುಗಳಲ್ಲಿದೆ. ಎಡಬಲಗಳಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಆಡುವ ಗಾಲಿಯಲ್ಲಿ ಸ್ಟಿಯರಿಂಗಿನ ಕೀಲುಗಳನ್ನು ಪರೀಕ್ಷಿಸಬೇಕು.

ಇನ್ನು ಗಾಲಿಯನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗಿನ ಮೇಲೆ ಮೃದುವಾಗಿ ಇಡಬೇಕು. ಒಳ್ಳೆಯ ಬೇರಿಂಗಿದ್ದರೆ ಏನೂ ತಿಳಿಯದು. ಕೆಟ್ಟಿದ್ದರೆ ಕಿವಿಗೆ ಕೇಳದ ಒರಟು ಕೂಡ ಸ್ಪ್ರಿಂಗಿನ ಮೂಲಕ ಬೆರಳಿಗೆ ಬರುತ್ತದೆ. ವೈದ್ಯನು ನಾಡಿ ಹಿಡಿದಂತೆ. ಬಿಗಿಯಾದ ಸೀಲಿನೊಳಗಿನ ಬೇರಿಂಗುಗಳಲ್ಲಿ ಆಟ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ಈ ಒರಟು ಕಾಣಿಸಿಕೊಳ್ಳುವುದರಿಂದ ಇದು ಬೆಲೆಯುಳ್ಳ ಪರೀಕ್ಷೆ. ಸೀಲಿನ ಅಂಚಿನಲ್ಲಿ ಗ್ರೀಸು ಹೊರಬಂದಿದ್ದರೆ, ಇಲ್ಲವೆ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಅದನ್ನೂ ಗಮನಿಸಬೇಕು. ಹೊಸ ಕಾರುಗಳಲ್ಲಿ ಗಾಲಿಯ ವೇಗವನ್ನು ಅಳೆದು ಬ್ರೇಕನ್ನು ನಿಯಂತ್ರಿಸುವ ಎಬಿಎಸ್ ವ್ಯವಸ್ಥೆಯುಂಟು. ಬೇರಿಂಗು ಬಹಳ ಸಡಿಲವಾದರೆ ಅಳತೆ ತಪ್ಪಿ ಅದರ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬಹುದು.

ಇಷ್ಟಾದರೂ ಅಲಕ್ಷ್ಯ ಮಾಡಿದರೆ ಮುಂದಿನ ಹಂತಗಳು ಬೇಗ ಬರುತ್ತವೆ. ಎದ್ದ ಹಕ್ಕಳೆಗಳು ಗ್ರೀಸಿನಲ್ಲಿ ಬೆರೆತು ಉಳಿದ ಓಣಿಯನ್ನು ಅರೆಯುತ್ತವೆ. ಓಲಾಡುವ ಬ್ರೇಕ್ ಡಿಸ್ಕು ಪ್ಯಾಡುಗಳನ್ನು ಹಿಂದಕ್ಕೆ ತಳ್ಳುವುದರಿಂದ ಬ್ರೇಕಿನ ಪೆಡಲು ಆಳಕ್ಕೆ ಹೋಗುತ್ತದೆ. ಪಂಜರ ಮುರಿದು ಗುಂಡುಗಳು ಒಂದೆಡೆ ಗುಂಪಾಗುತ್ತವೆ. ಕೊನೆಗೆ ಗಾಲಿ ಬಿಗಿಹಿಡಿದು ನಿಲ್ಲುತ್ತದೆ, ಇಲ್ಲವೆ ಒಳಬಳೆ ಅಚ್ಚಿನ ಮೇಲೆಯೇ ತಿರುಗಿ, ಅದನ್ನು ಕೊರೆದು, ಗಾಲಿ ಕಳಚಿಹೋಗುತ್ತದೆ. ಕೆಲವು ನೂರು ಕಿಲೋಗ್ರಾಂ ಭಾರದ ವಾಹನವು ಮೂರು ಗಾಲಿಯ ಮೇಲೆ ವೇಗದಿಂದ ಹೋಗುವ ಸ್ಥಿತಿಯನ್ನು ಹೆಚ್ಚಾಗಿ ವರ್ಣಿಸಬೇಕಾಗಿಲ್ಲ.

ಬದಲಿಸುವ ಬಗೆ

ಬೇರಿಂಗನ್ನು ಬದಲಿಸುವುದು ನುರಿತ ಮೆಕ್ಯಾನಿಕನ ಕೆಲಸ. ವಿದ್ಯಾರ್ಥಿಯು ಒಬ್ಬನೇ ಮಾಡುವಂತಹುದಲ್ಲ. ಆದರೆ ಅದರ ಕ್ರಮವನ್ನು ಬಲ್ಲವನು ಗ್ಯಾರೇಜಿನಲ್ಲಿ ನಿಂತು ನೋಡಿದಾಗ ಸರಿ ಯಾವುದು ತಪ್ಪು ಯಾವುದು ಎಂಬುದನ್ನು ತಿಳಿಯಬಲ್ಲನು.

ಹಳೆಯ ಬಗೆಯ ಕಾರುಗಳಲ್ಲಿ, ಎಂಜಿನ್ನು ತಿರುಗಿಸದ ಗಾಲಿಗಳಲ್ಲಿ, ಸಾಮಾನ್ಯವಾಗಿ ಶಂಕುವಿನಾಕಾರದ ಉರುಳೆಗಳ ಎರಡು ಬೇರಿಂಗುಗಳಿರುತ್ತವೆ. ಗಾಲಿಯನ್ನು ಕಳಚಿ, ಹಬ್ಬಿನ ನಡುವಿನ ಮುಚ್ಚಳ ತೆಗೆದರೆ ಕಿರೀಟದಂತೆ ಕಚ್ಚುಗಳಿರುವ ನಟ್ಟೊಂದು ಕಾಣುತ್ತದೆ. ಅದರ ಮೂಲಕ ಹಾದಿರುವ ಸ್ಪ್ಲಿಟ್ ಪಿನ್ನು ನಮ್ಮ ಬಂಡಿಯ ಕಡಾಣಿಯ ಸೋದರ. ಪಿನ್ನು, ನಟ್ಟು, ಹೊರಗಿನ ಬೇರಿಂಗು, ಹಬ್ಬು, ಸೀಲು, ಒಳಗಿನ ಬೇರಿಂಗು ಈ ಕ್ರಮದಲ್ಲಿ ಹೊರಬರುತ್ತವೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಪೆಟ್ರೋಲು ಕೂಡದು. ಬ್ರೇಕಿನ ಧೂಳನ್ನು ಊದಿ ಹಾರಿಸಬಾರದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ವಿಷಪ್ರಾಯವಾದ ಕಲ್ನಾರು ಇರುವುದುಂಟು. ಉರುಳೆಗಳ ಸಾಲನ್ನು ಹೊಸದಾಗಿ ಹಾಕಿ ಹೊರಬಳೆಯನ್ನು ಹಳೆಯದನ್ನೇ ಉಳಿಸುವುದು ಸುಳ್ಳು ಉಳಿತಾಯ. ಇವೆರಡೂ ಜೋಡಿಯಾಗಿಯೇ ಬದಲಾಗಬೇಕು. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತುತ್ತ ಹೋದರೆ ಉರುಳೆಗಳ ನಡುವಿನಿಂದ ಅದು ಮೇಲಕ್ಕೆ ಉಕ್ಕಿ ಬರುತ್ತದೆ. ಸುತ್ತಲೂ ಹೀಗೆ ತುಂಬಬೇಕು. ಆದರೆ ಹಬ್ಬಿನ ಪೊಳ್ಳನ್ನೆಲ್ಲ ಗ್ರೀಸಿನಿಂದ ಕಿಕ್ಕಿರಿದು ತುಂಬಿದರೆ ಅದು ಕಡೆಯಲ್ಪಟ್ಟು ಬಿಸಿಯಾಗುತ್ತದೆ.

ಇಲ್ಲಿ ನಾಜೂಕಾದ ಕೆಲಸವೆಂದರೆ ನಟ್ಟಿನ ಬಿಗಿ. ಮೊದಲು ಹಬ್ಬನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು ಉರುಳೆಗಳು ಸರಿಯಾಗಿ ಕೂರುವಂತೆ ಮಾಡಬೇಕು. ಬಳಿಕ ಸಡಿಲಿಸಿ, ಬೆರಳಿನ ಬಲದಿಂದ ಮಾತ್ರ ಮತ್ತೆ ಮುಟ್ಟಿಸಿ, ಪಿನ್ನಿನ ರಂಧ್ರ ಹೊಂದದಿದ್ದರೆ ಸಡಿಲದ ಕಡೆಗೆ ಹಿಂದಿರುಗಿಸಬೇಕು. ಉಳಿಯತಕ್ಕ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ ಮಾತ್ರ. ಅತಿ ಬಿಗಿಯಾದರೆ ಬೇರಿಂಗು ಬಿಸಿಯಾಗಿ ಸಾಯುತ್ತದೆ. ಅತಿ ಸಡಿಲವಾದರೆ ಪೆಟ್ಟು ತಿಂದು ಸಾಯುತ್ತದೆ. ಆಯಾ ಕಾರಿನ ಕೈಪಿಡಿ ಹೇಳುವ ಕ್ರಮವೇ ಪ್ರಮಾಣ. ಹಳೆಯ ಪಿನ್ನನ್ನು ಮತ್ತೆ ಬಳಸತಕ್ಕದ್ದಲ್ಲ.

ಮುಂದಿನ ಗಾಲಿಗಳನ್ನೇ ಎಂಜಿನ್ನು ತಿರುಗಿಸುವ ಅನೇಕ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಮೊಹರಾದ ಬೇರಿಂಗನ್ನು ನಕಲ್ ಎಂಬ ಲೋಹದ ತೋಳಿನೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಅಚ್ಚಿನ ದೊಡ್ಡ ನಟ್ಟನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸುವುದು ವಾಡಿಕೆ. ಮೇಲೆತ್ತಿದ ಕಾರಿನಲ್ಲಿ ಅಷ್ಟು ಬಲ ಹಾಕುವುದು ಅಪಾಯ. ಬ್ರೇಕಿನ ಕ್ಯಾಲಿಪರನ್ನು ಕಳಚಿ ತಂತಿಯಿಂದ ತೂಗುಹಾಕಬೇಕು. ಅದರ ರಬ್ಬರ್ ಕೊಳವೆಯ ಮೇಲೆ ಭಾರ ಬೀಳಬಾರದು. ನಕಲನ್ನು ಬಿಚ್ಚಿ ತಂದು ಪ್ರೆಸ್ಸಿನಲ್ಲಿ ಹಬ್ಬನ್ನು ಹೊರತಳ್ಳಿ, ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆಯನ್ನು ತೆಗೆದು, ಹಳೆಯ ಬೇರಿಂಗನ್ನು ಒತ್ತಿ ಹೊರಡಿಸಬೇಕು.

ಹೊಸದನ್ನು ಕೂರಿಸುವಾಗ ನೆನಪಿಡಬೇಕಾದ ನಿಯಮ ಒಂದೇ: ಒತ್ತುವ ಬಲವು ಎಂದಿಗೂ ಗುಂಡುಗಳ ಮೂಲಕ ಹಾದುಹೋಗಬಾರದು. ಬೇರಿಂಗನ್ನು ನಕಲಿನೊಳಕ್ಕೆ ಒತ್ತುವಾಗ ಬಿಗಿಯಾಗುವುದು ಹೊರಬಳೆ. ಆದುದರಿಂದ ಹೊರಬಳೆಯನ್ನೇ ಒತ್ತಬೇಕು. ಹಬ್ಬನ್ನು ಅದರೊಳಕ್ಕೆ ಒತ್ತುವಾಗ ಬಿಗಿಯಾಗುವುದು ಒಳಬಳೆ. ಆದುದರಿಂದ ಕೆಳಗಿನಿಂದ ಒಳಬಳೆಗೇ ಆಧಾರ ಕೊಡಬೇಕು. ಇದನ್ನು ಮರೆತು ಒಳಬಳೆಯನ್ನು ಒತ್ತಿ ಹೊರಬಳೆಯನ್ನು ಕೂರಿಸಿದರೆ ಟನ್ನುಗಟ್ಟಲೆ ಬಲವು ಸಾಸಿವೆಯಷ್ಟು ಜಾಗಗಳ ಮೂಲಕವೇ ಹೋಗಬೇಕಾಗುತ್ತದೆ. ಪ್ರತಿಯೊಂದು ಗುಂಡಿನ ಕೆಳಗೂ ತಗ್ಗು ಬೀಳುತ್ತದೆ. ಹೊರಗೆ ಏನೂ ಕಾಣದು. ಆದರೆ ಹೊಸ ಬೇರಿಂಗು ಪೆಟ್ಟಿಗೆಯಿಂದ ಬಂದ ದಿನವೇ ಮುದಿಯಾಗಿರುತ್ತದೆ. ಸುತ್ತಿಗೆಯಿಂದ ನೇರವಾಗಿ ಬಡಿಯುವುದಂತೂ ಇನ್ನೂ ಕೆಟ್ಟುದು. ಗಡುಸಾದ ಉಕ್ಕು ಗಾಜಿನಂತೆ ಸಿಡಿಯುವುದರಿಂದ ಕಣ್ಣಿಗೂ ಅಪಾಯವುಂಟು. ಕನ್ನಡಕವಿಲ್ಲದೆ ಈ ಕೆಲಸದ ಬಳಿ ನಿಲ್ಲಬಾರದು.

ಕೆಲವು ಬೇರಿಂಗುಗಳ ಒಂದು ಪಕ್ಕದ ಸೀಲಿನಲ್ಲಿ ಎಬಿಎಸ್ ಗ್ರಾಹಕಕ್ಕಾಗಿ ಅಯಸ್ಕಾಂತದ ಪಟ್ಟಿಯಿರುತ್ತದೆ. ಆ ಪಕ್ಕವು ಗ್ರಾಹಕದ ಕಡೆಗೇ ಇರಬೇಕು. ಕಡೆಯದಾಗಿ ಅಚ್ಚಿನ ನಟ್ಟನ್ನು ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ೨೦೦ ನ್ಯೂಟನ್-ಮೀಟರ್ ಎಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಯಲ್ಲಿ ಸುಮಾರು ೨೦ ಕಿಲೋಗ್ರಾಂ ತೂಗಿದಷ್ಟು ಬಲ. ಈ ಬಿಗಿಯೇ ಬೇರಿಂಗಿನ ಎರಡು ಸಾಲುಗಳನ್ನು ಸರಿಯಾದ ಅದುಮಿನಲ್ಲಿ ಇರಿಸುವುದರಿಂದ ಅಂದಾಜಿಗೆ ಇಲ್ಲಿ ಎಡೆಯಿಲ್ಲ. ಕೆಲವು ಕಾರುಗಳಲ್ಲಿ ಹಬ್ಬೂ ಬೇರಿಂಗೂ ಒಂದೇ ಘಟಕವಾಗಿ ಬರುತ್ತದೆ. ಆಗ ಬೋಲ್ಟುಗಳನ್ನು ಬಿಚ್ಚಿ ಘಟಕವನ್ನೇ ಬದಲಿಸಿದರಾಯಿತು.

ಕೆಲಸ ಮುಗಿದಮೇಲೆ ಕಾರನ್ನು ಚಲಿಸುವ ಮುನ್ನವೇ ಬ್ರೇಕಿನ ಪೆಡಲನ್ನು ಅದು ಗಟ್ಟಿಯಾಗುವ ತನಕ ಹಲವು ಸಲ ಒತ್ತಬೇಕು; ಇಲ್ಲದಿದ್ದರೆ ಮೊದಲನೆಯ ಬ್ರೇಕು ಬರಿದಾಗುತ್ತದೆ. ಸ್ವಲ್ಪ ದೂರ ಓಡಿಸಿ ಬಂದು ಎರಡು ಪಕ್ಕದ ಹಬ್ಬುಗಳ ಬಿಸಿಯನ್ನು ಕೈಯನ್ನು ಹತ್ತಿರ ಹಿಡಿದು ಹೋಲಿಸಿ ನೋಡಬೇಕು; ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಹಳೆಯ ಬೇರಿಂಗಿನ ಪಾಠ

ಕಳಚಿದ ಬೇರಿಂಗನ್ನು ಗುಜರಿಗೆ ಎಸೆಯುವ ಮುನ್ನ ಕೇಳಿ ಪಡೆದು ನೋಡಿರಿ. ಅದು ತನ್ನ ಮರಣದ ಕಾರಣವನ್ನು ತಾನೇ ಬರೆದಿಟ್ಟಿರುತ್ತದೆ. ಓಣಿಯ ಒಂದೆಡೆ ಹಕ್ಕಳೆ ಎದ್ದಿದ್ದರೆ ಅದು ದಣಿವು; ಬೇರಿಂಗು ತನ್ನ ಆಯುಷ್ಯವನ್ನು ದುಡಿದು ಮುಗಿಸಿದೆ. ಗುಂಡುಗಳ ಅಂತರದಲ್ಲಿಯೇ ಸಾಲಾಗಿ ತಗ್ಗುಗಳಿದ್ದರೆ ಅದು ರಸ್ತೆಯ ಹಳ್ಳದ ಪೆಟ್ಟು, ಇಲ್ಲವೆ ಕೂರಿಸಿದವನ ತಪ್ಪು. ಉಕ್ಕು ನೀಲಿಗಟ್ಟಿದ್ದರೆ ಗ್ರೀಸಿಲ್ಲದೆ ಅಥವಾ ಅತಿ ಬಿಗಿಯಿಂದ ಬೆಂದಿದೆ. ಮಂಕಾದ ಬೂದುಬಣ್ಣದ ಓಣಿಯು ಧೂಳನ್ನೂ, ಕೆಂಪು ಕಲೆಯು ನೀರನ್ನೂ ಹೇಳುತ್ತವೆ. ಕಾರಣ ತಿಳಿಯದೆ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಸಕಲೇಶಪುರದ ಗ್ಯಾರೇಜಿನಲ್ಲಿ ಬಿಚ್ಚಿದ ನಮ್ಮ ಮಿತ್ರರ ಬೇರಿಂಗಿನಲ್ಲಿ ಕಂಡುದು ತುಕ್ಕು. ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಹಿಂದಿನ ಮಳೆಗಾಲದಲ್ಲಿ ನೀರು ಹರಿಯುತ್ತಿದ್ದ ಸೇತುವೆಯೊಂದನ್ನು ದಾಟಿದ್ದುದು ಆಗ ಅವರ ನೆನಪಿಗೆ ಬಂದಿತು. ಅಂದಿನಿಂದ ಇಂದಿನವರೆಗೆ ಆ ಗಾಲಿಯು ತಿಂಗಳುಗಟ್ಟಲೆ ತನ್ನ ನೋವನ್ನು ಹೇಳುತ್ತಲೇ ಇತ್ತು. ಕೇಳಿಸಲಿಲ್ಲವೆಂದಲ್ಲ, ಕೇಳಿಸಿದುದಕ್ಕೆ ಅರ್ಥ ತಿಳಿಯಲಿಲ್ಲ. ನಾವು ಆ ರಾತ್ರಿ ಅಲ್ಲಿಯೇ ಉಳಿದು, ಮರುದಿನ ಬೇರಿಂಗು ಬಂದ ಮೇಲೆ ಘಟ್ಟವನ್ನು ಇಳಿದೆವು. ಕಾರು ಎಷ್ಟು ಮೌನವಾಗಿತ್ತೆಂದರೆ ದಾರಿಯುದ್ದಕ್ಕೂ ಹಳ್ಳಗಳ 'ಜುಳುಜುಳು' ಸದ್ದು ಕೇಳಿಸುತ್ತಿತ್ತು.

ಮುಂದಿನ ಸಲ ಕಾರಿನಲ್ಲಿ ಕುಳಿತಾಗ ರೇಡಿಯೋವನ್ನು ಐದು ನಿಮಿಷ ನಿಲ್ಲಿಸಿ ಕಿವಿಗೊಡಿರಿ. ಏರುವ ವೇಗದೊಡನೆ ಏರುವ ಝೇಂಕಾರವೇನಾದರೂ ಕೇಳಿಸಿದರೆ, ಅದು ನಿಮಗೆ ಕೇಳಿಸಿದ ದಿನವೇ ಮನೆಯ ಹಿರಿಯರಿಗೆ ತಿಳಿಸಿರಿ. ಬಂಡಿಕಾರನು ತನ್ನ ಗಾಲಿಗೆ ತೋರುತ್ತಿದ್ದಷ್ಟು ಗಮನವನ್ನು ನಾವು ನಮ್ಮ ಗಾಲಿಗೆ ತೋರಿದರೆ ಸಾಕು.